ಮಣ್ಣಿನ ಕಾರ್ಡಿನಲ್ಲಿ ಸಾವಯವ ಇಂಗಾಲ 0.31 ಅಂತ ಬಂದಿದೆ, ಏನು ಮಾಡಬೇಕು?

ಮಧುಗಿರಿ ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ಕಡ್ಲೆಕಾಯಿ, ರಾಗಿ ಬೆಳೆಯುತ್ತೇವೆ. ಈ ಸಲ ಮಣ್ಣು ಪರೀಕ್ಷೆ ಮಾಡಿಸಿ ಮಣ್ಣು ಆರೋಗ್ಯ ಕಾರ್ಡ್ ಪಡೆದೆವು. ಸಾವಯವ ಇಂಗಾಲ ಶೇ 0.31 ಅಂತ ಬಂದಿದೆ, ಪಕ್ಕದಲ್ಲಿ 'ಕಡಿಮೆ' ಅಂತ ಬರೆದಿದ್ದಾರೆ. ಸತು, ಬೋರಾನ್ ಕೂಡ ಕಡಿಮೆ. ಅವೆರಡಕ್ಕೆ ಪೊಟ್ಟಣ ಸಿಗುತ್ತದೆ, ತಂದಿದ್ದೇವೆ. ಇಂಗಾಲಕ್ಕೆ ಏನು ತರಬೇಕು ಅಂತ ಅಂಗಡಿಯಲ್ಲಿ ಕೇಳಿದರೆ ಒಂದು ಕ್ಯಾನ್ ತೋರಿಸಿದರು. ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಇನ್ನೊಂದು ವಿಷಯ. ಊರಿಗೆ ಇಬ್ಬರು ಬಂದಿದ್ದರು. ಮಣ್ಣಿನಲ್ಲಿ ಇಂಗಾಲ ಜಾಸ್ತಿ ಆದರೆ ಹವಾಮಾನಕ್ಕೆ ಒಳ್ಳೆಯದು, ಅದಕ್ಕೆ ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬರುತ್ತದೆ, ಸಹಿ ಹಾಕಿ ಅಂದರು. ಇದನ್ನು ನಂಬಬಹುದಾ? ಗೊತ್ತಿರುವವರು ಹೇಳಿ.

ಲ್ಯಾಬ್ ಮೇಷ್ಟ್ರು

ಗಾಬರಿ ಬೇಡ. ನಿಮ್ಮ ಸೀಮೆಯ ಖುಷ್ಕಿ, ಅಂದರೆ ಮಳೆ ನಂಬಿದ, ಹೊಲಗಳಲ್ಲಿ ಈ ಅಂಕಿ ಮಾಮೂಲು. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಜಾಸ್ತಿ ಅಂತ ಲೆಕ್ಕ. ಕಾರ್ಡಿನಲ್ಲಿ ಒಟ್ಟು 12 ಅಂಶಗಳಿವೆ. ನನ್ನನ್ನು ಕೇಳಿದರೆ ಮೊದಲು ರಸಸಾರ (ಪಿಎಚ್, ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ), ಆಮೇಲೆ ಇಂಗಾಲ ನೋಡಬೇಕು. ಉಳಿದದ್ದಕ್ಕೆಲ್ಲ ಇವೆರಡೇ ಆಧಾರ.

ಕೊಳೆತ ಬೇರು, ಎಲೆ, ಸಗಣಿ, ಸತ್ತ ಸೂಕ್ಷ್ಮಜೀವಿಗಳು, ಇವೆಲ್ಲ ಸೇರಿ ಆಗಿರುವುದು ಸಾವಯವ ಅಂಶ. ಅದರಲ್ಲಿರುವ ಇಂಗಾಲವನ್ನೇ ಕಾರ್ಡಿನಲ್ಲಿ ಬರೆಯುವುದು. ಅದು ಮಣ್ಣಿನ ಕಣಗಳನ್ನು ಅಂಟಿಸಿ ಸಣ್ಣ ಸಣ್ಣ ಹರಳು ಮಾಡುತ್ತದೆ. ಹರಳುಗಳ ಸಂದಿಯಲ್ಲಿ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ. ಹಾಕಿದ ಗೊಬ್ಬರ ತೊಳೆದುಹೋಗದಂತೆ ಹಿಡಿದಿಡುವುದೂ ಅದೇ. ಕೆಂಪು ಮಣ್ಣಿನ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಕಪ್ಪು ಮಣ್ಣಿನ ಜೇಡಿಗೆ ಅದು ಜಾಸ್ತಿ. ಹಾಗಾಗಿ ಸಾವಯವ ಅಂಶ ಕಡಿಮೆಯಾದರೆ ಕೆಂಪು ಹೊಲದವರಿಗೆ ಪೆಟ್ಟು ಜೋರು.

ಯಾಕೆ ಕಡಿಮೆ? ಬಿಸಿಲು ಒಂದು ಕಾರಣ. ಮಣ್ಣು ಬೆಚ್ಚಗಿದ್ದು ತೇವವೂ ಇದ್ದಾಗ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಬೇಗ ತಿಂದು ಮುಗಿಸುತ್ತವೆ. ಅದರಲ್ಲಿದ್ದ ಇಂಗಾಲ ಗಾಳಿಗೆ ಹೋಗುತ್ತದೆ. ಪದೇ ಪದೇ ರೋಟಾವೇಟರ್ ಹೊಡೆದರೆ ಹರಳುಗಳು ಒಡೆದು ಇನ್ನೂ ಬೇಗ. ಅದರ ಮೇಲೆ ನಿಮ್ಮ ಬೆಳೆಗಳನ್ನು ನೋಡಿ. ಕಡ್ಲೆಕಾಯಿಯನ್ನು ಬುಡಸಮೇತ ಕೀಳುತ್ತೀರಿ, ಬಳ್ಳಿ ದನಕ್ಕೆ ಹೋಗುತ್ತದೆ. ರಾಗಿ ಹುಲ್ಲು ಬಣವೆಗೆ ಹೋಗುತ್ತದೆ, ಇಲ್ಲವೇ ಮಾರಾಟಕ್ಕೆ. ಹೊಲಕ್ಕೆ ಉಳಿಯುವುದು ಕೂಳೆ ಮಾತ್ರ.

ಕ್ಯಾನಿನಲ್ಲಿ ಇರುವುದನ್ನು ಬಿಡಿ. ಲೀಟರ್ ಲೆಕ್ಕದಲ್ಲಿ ಹಾಕಿ ಏರಿಸುವ ವಸ್ತು ಇದಲ್ಲ.

ಪೇಟೆ ಹುಡುಗ

ಇಷ್ಟೆಲ್ಲ ಯಾಕೆ ಸರ್? ಎಕರೆಗೆ ಎರಡು ಲೋಡ್ ಕೊಟ್ಟಿಗೆ ಗೊಬ್ಬರ ಹೊಡೆಸಲಿ. ಮುಂದಿನ ವರ್ಷ 0.5 ದಾಟುತ್ತೆ.

ಲ್ಯಾಬ್ ಮೇಷ್ಟ್ರು

ದಾಟುವುದಿಲ್ಲ. ಲೆಕ್ಕ ಹಾಕೋಣ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಶೇ 0.31 ಅಂದರೆ ಸುಮಾರು 2,800 ಕಿಲೋ ಇಂಗಾಲ. 0.5 ಆಗಬೇಕಾದರೆ 4,500 ಕಿಲೋ ಬೇಕು. ಅಂದರೆ ಇನ್ನೂ 1,700 ಕಿಲೋ.

ಈಗ ಗೊಬ್ಬರ. ಎರಡು ಲೋಡ್ ಅಂದರೆ 4 ಟನ್ ಅಂತ ಇಟ್ಟುಕೊಳ್ಳಿ. ಅರ್ಧ ನೀರು. ಒಣ ತೂಕ 2 ಟನ್, ಅದರಲ್ಲಿ ಇಂಗಾಲ 500 ಕಿಲೋ ಇದ್ದೀತು. ಅದರಲ್ಲಿ ಬಹುಪಾಲು ಕೆಲವೇ ವರ್ಷದಲ್ಲಿ ಕರಗುತ್ತದೆ. ಮಣ್ಣಿನಲ್ಲಿ ನಿಲ್ಲುವುದು ಹೆಚ್ಚೆಂದರೆ 100 ಕಿಲೋ. ಅಂದರೆ ವರ್ಷಕ್ಕೆ 0.01. ಈಗಾಗಲೇ ಇರುವುದೂ ಕರಗುತ್ತಿರುತ್ತದೆ, ಅದನ್ನು ಕಳೆಯಬೇಕು. ಇದು ಅಂದಾಜು ಲೆಕ್ಕ. ಆದರೆ ಇಪ್ಪತ್ತು ವರ್ಷದ ಕೆಲಸ ಅನ್ನುವುದಂತೂ ಗೊತ್ತಾಗುತ್ತದೆ.

ಹಾಗಂತ ಗೊಬ್ಬರ ಹಾಕುವುದು ದಂಡ ಅಲ್ಲ. ಕರಗುವ ಆ 400 ಕಿಲೋ ಇದೆಯಲ್ಲ, ಹುಳ, ಶಿಲೀಂಧ್ರ, ಬ್ಯಾಕ್ಟೀರಿಯಾ ಬದುಕುವುದೇ ಅದರ ಮೇಲೆ. ಕರಗುವಾಗ ಬೆಳೆಗೆ ಸಾರಜನಕ, ರಂಜಕ ಬಿಟ್ಟುಕೊಡುತ್ತದೆ. ಕಾರ್ಡಿನ ಅಂಕಿ ಅಲ್ಲಾಡುವ ಮೊದಲೇ ಬೆಳೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೆಂಪು ಮಣ್ಣಿನ ಖುಷ್ಕಿ ರಾಗಿಯ ಮೇಲೆ 1978ರಿಂದ ಒಂದು ಪ್ರಯೋಗ ನಡೆದಿದೆ. ಬರೀ ರಾಸಾಯನಿಕ ಗೊಬ್ಬರ ಹಾಕಿದ ಕಡೆ ವರ್ಷ ಕಳೆದಂತೆ ಇಳುವರಿ ಇಳಿಯಿತು. ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕವನ್ನೂ ಸೇರಿಸಿ ಹಾಕಿದ ಕಡೆ ನಿಂತಿತು.

ಎರಿ ಹೊಲ, ವಿಜಯಪುರ

ಮೇಷ್ಟ್ರ ಲೆಕ್ಕ ಸರಿ ಐತ್ರಿ. ಆದರೆ ಎರಡು ಲೋಡ್ ಗೊಬ್ಬರ ಎಲ್ಲಿಂದ ತರೋದು, ಅದನ್ನು ಯಾರೂ ಹೇಳುವುದಿಲ್ಲ. ಮೊದಲು ಮನೆಮನೆಗೆ ಎತ್ತು, ಎಮ್ಮೆ ಇದ್ದವು, ತಿಪ್ಪೆ ತುಂಬುತ್ತಿತ್ತು. ಈಗ ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಇರುವ ಗೊಬ್ಬರವನ್ನು ದ್ರಾಕ್ಷಿ, ದಾಳಿಂಬೆ ತೋಟದವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಜೋಳ, ಕಡಲೆ ಬೆಳೆಯುವವನಿಗೆ ಎಲ್ಲಿ ಸಿಗಬೇಕು?

ನಮ್ಮ ಕಡೆ ಇನ್ನೂ ನಡೆಯುತ್ತಿರುವುದು ಕುರಿ ತರುಬುವುದು. ಕುರುಬರು ಕುರಿ ಹಿಂಡು ತಂದು ರಾತ್ರಿ ಹೊಲದಲ್ಲಿ ನಿಲ್ಲಿಸುತ್ತಾರೆ. ಹಿಕ್ಕೆ, ಮೂತ್ರ ಎರಡೂ ಅಲ್ಲೇ ಬೀಳುತ್ತದೆ. ಸಾಗಿಸುವ ಖರ್ಚಿಲ್ಲ. ಆದರೆ ಕುರಿಯವರೂ ಈಗ ಕಡಿಮೆ, ಅವರಿಗೆ ಮೇಯಿಸಲು ಜಾಗವೂ ಕಡಿಮೆ.

ಮತ್ತೆ ಕಬ್ಬಿನ ರವದಿ, ಅಂದರೆ ಒಣ ಸೋಗೆ. ಕಟಾವು ಮುಗಿದ ಮರುದಿನ ಬೆಂಕಿ. ಕೂಳೆ ಕಬ್ಬಿಗೆ ನೀರು ಬಿಡಲು ಸಲೀಸು ಅಂತ. ಒಂದು ಕಡೆ ಗೊಬ್ಬರ ಇಲ್ಲ ಅಂತ ಅಳುತ್ತೇವೆ, ಇನ್ನೊಂದು ಕಡೆ ಟನ್‌ಗಟ್ಟಲೆ ರವದಿ ಸುಡುತ್ತೇವೆ. ಸಾಲು ಬಿಟ್ಟು ಸಾಲಿಗೆ ರವದಿ ಹೊದಿಸಿದವರ ಹೊಲದಲ್ಲಿ ಕಳೆ ಕಡಿಮೆ, ನೀರೂ ಕಡಿಮೆ ಸಾಕು. ಆದರೂ ಬೆಂಕಿ ನಿಂತಿಲ್ಲ.

ಪೀಣ್ಯ ಟು ಪಾವಗಡ

ನಾನು ಊರು ಬಿಟ್ಟು ಬೆಂಗಳೂರು ಸೇರಿದವನು, ಹವಾಮಾನದ ವಿಷಯ ಸ್ವಲ್ಪ ಓದುತ್ತೇನೆ. ಆ ಕಡೆಯಿಂದ ನಾಲ್ಕು ಮಾತು.

ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ಗಾಳಿಯಲ್ಲಿ ಇರುವುದು ಸುಮಾರು 870 ಶತಕೋಟಿ ಟನ್. ಗಿಡಮರಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಾಗಾಗಿ ಮಣ್ಣಿನಿಂದ ಸ್ವಲ್ಪ ಭಾಗ ಹೊರಬಿದ್ದರೂ ಗಾಳಿಗೆ ಅದು ದೊಡ್ಡದು. 2015ರಲ್ಲಿ ಪ್ಯಾರಿಸ್ ಹವಾಮಾನ ಸಮಾವೇಶದ ಹೊತ್ತಿಗೆ ಫ್ರಾನ್ಸ್ 'ಸಾವಿರಕ್ಕೆ ನಾಲ್ಕು' ಅನ್ನುವ ಯೋಜನೆ ಶುರು ಮಾಡಿತು. ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಿಸುವುದು ಗುರಿ. ನಮ್ಮ ಮಧುಗಿರಿ ಅಣ್ಣನ ಎಕರೆಯಲ್ಲಿ ಅದು ವರ್ಷಕ್ಕೆ ಹನ್ನೊಂದು ಕಿಲೋ ಚಿಲ್ಲರೆ ಆಯಿತು. ಚಿಕ್ಕದು ಅನ್ನಿಸುತ್ತೆ ಅಲ್ವಾ? ಎಲ್ಲ ಹೊಲ, ಹುಲ್ಲುಗಾವಲು, ಕಾಡು ಸೇರಿಸಿದರೆ ಚಿಕ್ಕದಲ್ಲ.

ಇದರಲ್ಲಿ ಜನ ಮರೆಯುವ ಇನ್ನೊಂದು ಅನಿಲ ಇದೆ, ನೈಟ್ರಸ್ ಆಕ್ಸೈಡ್. ಹೆಚ್ಚಾಗಿ ಸುರಿದ ಯೂರಿಯಾದಿಂದ, ನೀರು ನಿಂತ ಮಣ್ಣಿನಿಂದ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಇನ್ನು ಮಣ್ಣು ಕೊಚ್ಚಿಹೋಗುವ ಕಥೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗ ಹೂಳಿನದು. ಅದರಲ್ಲಿ ಮೇಲಿನ ಸೀಮೆಯ ಎಷ್ಟೋ ಹೊಲಗಳ ಮೇಲ್ಮಣ್ಣು ಇದೆ. ಕೊಚ್ಚಿಹೋಗುವುದು ಮೊದಲು ಮೇಲಿನ ಪದರ. ಇಂಗಾಲ ಜಾಸ್ತಿ ಇರುವುದೂ ಅದರಲ್ಲೇ.

ಕಡೆಯದಾಗಿ ಒಂದು ಖುಷಿಯ ವಿಷಯ. ಎಲ್ಲೋ ಓದಿದೆ, ಇಂಗಾಲ ಶೇ 1 ಜಾಸ್ತಿ ಆದರೆ ಎಕರೆ ಮಣ್ಣು 75,000 ಲೀಟರ್ ನೀರು ಹೆಚ್ಚಾಗಿ ಹಿಡಿಯುತ್ತದಂತೆ!

ಲ್ಯಾಬ್ ಮೇಷ್ಟ್ರು

ಆ 75,000 ಲೀಟರ್ ಮಾತು ವಾಟ್ಸಾಪಿನಲ್ಲಿ ಬಹಳ ಓಡಾಡುತ್ತಿದೆ. ನಂಬಬೇಡಿ. ಬೇರೆ ಬೇರೆ ದೇಶದ ಮಣ್ಣುಗಳ ಅಳತೆಗಳನ್ನು ಒಟ್ಟು ಸೇರಿಸಿ ನೋಡಿದ ಅಧ್ಯಯನ 2018ರಲ್ಲಿ ಬಂದಿದೆ. ಅದರ ಪ್ರಕಾರ ಇಂಗಾಲ ಶೇ 1 ಏರಿದರೆ 10 ಸೆಂ.ಮೀ. ಮಣ್ಣಿನಲ್ಲಿ ಬೆಳೆಗೆ ದಕ್ಕುವ ನೀರು ಸರಾಸರಿ 1 ಮಿ.ಮೀ.ಗೆ ಸ್ವಲ್ಪ ಮೇಲೆ ಜಾಸ್ತಿ ಆಗುತ್ತದೆ, ಅಷ್ಟೇ. ಎಕರೆಗೆ ಒಂದು ಮಿ.ಮೀ. ಅಂದರೆ ಸುಮಾರು 4,000 ಲೀಟರ್. 15 ಸೆಂ.ಮೀ. ತೆಗೆದುಕೊಂಡರೂ 7,000 ಲೀಟರ್ ಆಸುಪಾಸು. ಅದೂ ಶೇ 1 ಏರಿದರೆ. ನಾವು 0.2 ಏರಿಸಲು ಒದ್ದಾಡುತ್ತಿದ್ದೇವೆ.

ನಿಜವಾದ ಲಾಭ ಬೇರೆ ಕಡೆ ಇದೆ. ಸಾವಯವ ಅಂಶ ಇಲ್ಲದ ಕೆಂಪು ಮಣ್ಣಿನ ಮೇಲೆ ಜೋರು ಮಳೆ ಬಿದ್ದರೆ ಮೇಲ್ಪದರ ಕದಡಿ, ಒಣಗಿದಾಗ ಗಟ್ಟಿಯಾಗಿ ಕೂತುಬಿಡುತ್ತದೆ. ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಮುಂದಿನ ಮಳೆ ಇಳಿಯದೆ ಹರಿದುಹೋಗುತ್ತದೆ. ಹರಳುಗಟ್ಟಿದ ಮಣ್ಣು ಇದ್ದರೆ, ಮೇಲೆ ಒಂದಿಷ್ಟು ಹೊದಿಕೆ ಇದ್ದರೆ, ಆ ಮಳೆ ಒಳಗೆ ಇಳಿಯುತ್ತದೆ. ಒಂದೇ ಮಳೆಯಲ್ಲಿ 20 ಮಿ.ಮೀ. ಹೆಚ್ಚು ಇಳಿದರೆ ಎಕರೆಗೆ 80,000 ಲೀಟರ್ ಆಯಿತು. ಮಣ್ಣು ನೀರನ್ನು ಎಷ್ಟು ಹಿಡಿಯುತ್ತದೆ ಅನ್ನುವುದಕ್ಕಿಂತ ಎಷ್ಟು ಒಳಗೆ ಬಿಡುತ್ತದೆ ಅನ್ನುವುದು ಖುಷ್ಕಿಯವರಿಗೆ ಮುಖ್ಯ.

ನರ್ಸಮ್ಮ

ರೈತಳಲ್ಲ, ಸುಮ್ನೆ ಓದುತ್ತಿದ್ದೆ. ಹವಾಮಾನ, ಬೆಳೆ ಎರಡೇ ಮಾತಾಡುತ್ತಿದ್ದೀರಿ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಗೊತ್ತಲ್ಲ? ಅದು 1943ರಲ್ಲಿ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಮೊದಲ ಮಳೆಗೆ ಬರುವ ಮಣ್ಣಿನ ವಾಸನೆಯನ್ನು ಮಾಡುವುದೂ ಅದೇ ಜಾತಿಯ ಬ್ಯಾಕ್ಟೀರಿಯಾಗಳು. ನೀವು ಹೊಲದಲ್ಲಿ ಉಳಿಸುವುದು ಆಸ್ಪತ್ರೆಗೂ ಬೇಕು ಅಂತ ಹೇಳೋಣ ಅನ್ನಿಸಿತು.

ಸಿರಸಿ ತೋಟಿಗ

ನಮ್ಮ ಕಡೆ ಇಂಗಾಲದ ತೊಂದರೆ ಕಡಿಮೆ, ಹುಳಿ ಮಣ್ಣಿನ ತೊಂದರೆ ಜಾಸ್ತಿ. ಅಡಿಕೆ ತೋಟಕ್ಕೆ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಹಾಕುವುದು ಹಿಂದಿನಿಂದ ಬಂದದ್ದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಕೊಟ್ಟಿದ್ದಾರೆ. ಆ ಪ್ರಮಾಣ ನೋಡಿ. ಒಂದು ಎಕರೆ ತೋಟ ಹಸಿರಾಗಿ ಇರಲು ಒಂಬತ್ತು ಎಕರೆಯ ಎಲೆ.

ಹೊರಗಿನವರು ಬಂದು ನಮ್ಮ ತೋಟದ ಕಪ್ಪು ಮಣ್ಣು ನೋಡಿ ಹೊಗಳುತ್ತಾರೆ. ಬೆಟ್ಟದ ಕಡೆ ಹೋಗಿ ನೋಡಿದರೆ ಎಷ್ಟೋ ಕಡೆ ದರಕು ಗುಡಿಸಿ ಗುಡಿಸಿ ಕಲ್ಲು ಕಾಣುತ್ತಿದೆ. ಒಂದು ಕಡೆಯ ಇಂಗಾಲ ಇನ್ನೊಂದು ಕಡೆಗೆ ಬಂತು, ಅಷ್ಟೇ. ಕಾರ್ಡಿನ ಅಂಕಿ ಚೆನ್ನಾಗಿದೆ ಅಂದ ತಕ್ಷಣ ಹವಾಮಾನಕ್ಕೆ ಒಳ್ಳೆಯದಾಯಿತು ಅಂತ ಹೇಳಲು ಬರುವುದಿಲ್ಲ. ಎಲ್ಲಿಂದ ತಂದದ್ದು ಅಂತ ಕೇಳಬೇಕು.

ಎರಿ ಹೊಲ, ವಿಜಯಪುರ

ಇದು ಸರಿಯಾದ ಮಾತು. ಹೊಲದ ಒಳಗೇ ಬೆಳೆದದ್ದು ಮಾತ್ರ ಹೊಸ ಇಂಗಾಲ.

ಮಧುಗಿರಿ ಸೀಮೆ

ಎಲ್ಲರಿಗೂ ಧನ್ಯವಾದ. ಕಾರ್ಬನ್ ಕ್ರೆಡಿಟ್ ವಿಷಯ ಯಾರೂ ಹೇಳಲಿಲ್ಲ. ಅವರು ಮುಂದಿನ ವಾರ ಮತ್ತೆ ಬರುತ್ತಾರಂತೆ.

ಪೀಣ್ಯ ಟು ಪಾವಗಡ

ಅಣ್ಣಾ, ಮೇಷ್ಟ್ರ ಲೆಕ್ಕವನ್ನೇ ಮುಂದುವರಿಸಿ. ವರ್ಷಕ್ಕೆ ಎಕರೆಗೆ 90 ಕಿಲೋ ಇಂಗಾಲ ನಿಂತಿತು ಅನ್ನಿ. ಅದನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತಂದರೆ 330 ಕಿಲೋ. ಒಂದು ಕ್ರೆಡಿಟ್ ಅಂದರೆ ಒಂದು ಟನ್. ಅಂದರೆ ನಿಮ್ಮ ಎಕರೆಗೆ ವರ್ಷಕ್ಕೆ ಕ್ರೆಡಿಟ್‌ನ ಮೂರನೇ ಒಂದು ಭಾಗ. ಅದರಲ್ಲಿ ಅಳತೆಯ ಖರ್ಚು, ತಪಾಸಣೆಯ ಖರ್ಚು, ಮಧ್ಯದವರ ಪಾಲು ಹೋಗಬೇಕು. ಉಳಿದದ್ದು ನಿಮ್ಮದು. ಕ್ರೆಡಿಟ್ ಬೆಲೆ ಎಷ್ಟು ಅಂತ ಅವರನ್ನೇ ಕೇಳಿ, ಮೂರರಿಂದ ಭಾಗಿಸಿ.

ಮೋಸ ಅಂತ ನಾನು ಹೇಳುತ್ತಿಲ್ಲ. ಕೆಲವು ಯೋಜನೆಗಳು ಸರಿಯಾಗಿಯೇ ನಡೆಯುತ್ತವೆ. ಆದರೆ ಸಹಿ ಹಾಕುವ ಮೊದಲು ಕರಾರು ಎಷ್ಟು ವರ್ಷದ್ದು ನೋಡಿ. ಮಧ್ಯದಲ್ಲಿ ಹೊಲ ಆಳವಾಗಿ ಉತ್ತರೆ, ಗುತ್ತಿಗೆಗೆ ಕೊಟ್ಟರೆ, ಮಾರಿದರೆ ಏನು ಗತಿ ಅಂತ ಕೇಳಿ. ಕನ್ನಡದಲ್ಲಿ ಬರೆದುಕೊಡಲು ಹೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ.

ಕಾರಟಗಿ ಗದ್ದೆ

ನಮ್ಮ ಕಡೆಯದೂ ಒಂದು ಮಾತು ಸೇರಿಸುತ್ತೇನೆ. ತುಂಗಭದ್ರಾ ಎಡದಂಡೆ ಅಚ್ಚುಕಟ್ಟು. ನೀರು ಬಂತು, ಭತ್ತ ಬಂತು, ಅದರ ಹಿಂದೆಯೇ ಸವಳು-ಜವಳು (ಉಪ್ಪು ಕಟ್ಟುವುದು, ನೀರು ನಿಲ್ಲುವುದು) ಬಂತು. ಬಿಳಿ ಉಪ್ಪು ಕಟ್ಟಿದ ಗದ್ದೆಗಳನ್ನು ನೋಡಿದವರಿಗೆ ಗೊತ್ತು. ಇಲ್ಲಿ 'ಸಾವಯವ ಹಾಕಿ, ಮಣ್ಣು ಸರಿಯಾಗುತ್ತದೆ' ಅಂದರೆ ಸಾಲದು. ಮೊದಲು ನೀರು ಹೊರಗೆ ಹೋಗಬೇಕು. ಬಸಿಗಾಲುವೆ ಬೇಕು, ನೆಲದೊಳಗಿನ ಪೈಪು ಬೇಕು. ಗಂಗಾವತಿ ಸಂಶೋಧನಾ ಕೇಂದ್ರದವರು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಜಿಪ್ಸಂ ಹಾಕುವುದು ಸೋಡಿಯಂ ಜಾಸ್ತಿ ಇರುವ ಕರಲು ಮಣ್ಣಿಗೆ. ಬರೀ ಉಪ್ಪಿನ ಸವಳಿಗೆ ಅದನ್ನು ಹಾಕಿ ಸುಮ್ನೆ ದುಡ್ಡು ಕಳೆಯಬೇಡಿ. ಯಾವುದು ಅಂತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಪೇಟೆ ಹುಡುಗ

ಎಲ್ಲದಕ್ಕೂ ಯೂರಿಯಾವೇ ಕಾರಣ. ಯೂರಿಯಾ ಹಾಕಿದರೆ ಇಂಗಾಲ ಸುಟ್ಟೇ ಹೋಗುತ್ತೆ. ನಿಲ್ಲಿಸಿದರೆ ಸಾಕು.

ಲ್ಯಾಬ್ ಮೇಷ್ಟ್ರು

ಅಷ್ಟು ಸುಲಭ ಅಲ್ಲಪ್ಪ. ಹದವಾಗಿ ಗೊಬ್ಬರ ಕೊಟ್ಟ ಬೆಳೆ ಚೆನ್ನಾಗಿ ಬೇರು ಬಿಡುತ್ತದೆ. ಆ ಬೇರು ಮಣ್ಣಿಗೇ ಸೇರುತ್ತದೆ. ಏನೂ ಹಾಕದೆ ಸೊರಗಿದ ಬೆಳೆಯಿಂದ ಮಣ್ಣಿಗೆ ಏನು ಸಿಗುತ್ತದೆ? ತೊಂದರೆ ಬರುವುದು ಯೂರಿಯಾ ಒಂದನ್ನೇ ಸುರಿದಾಗ. ಮಣ್ಣು ಹುಳಿಯಾಗುತ್ತದೆ, ಪೊಟ್ಯಾಷ್, ಸತು, ಗಂಧಕ ಖಾಲಿಯಾಗುತ್ತವೆ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯವರು ರಾಜ್ಯದ ಮಣ್ಣು ಪರೀಕ್ಷಿಸಿದಾಗ ಕಂಡಿದ್ದೂ ಇದೇ. ಸತು, ಬೋರಾನ್, ಗಂಧಕದ ಕೊರತೆ ಬಹಳ ಕಡೆ ಇತ್ತು. ಅವನ್ನು ಕೊಟ್ಟ ಹೊಲಗಳಲ್ಲಿ ಇಳುವರಿ ಏರಿತು. ಹಾಗಾಗಿ ಮಧುಗಿರಿಯವರೇ, ಆ ಪೊಟ್ಟಣಗಳನ್ನು ಕಾರ್ಡಿನಲ್ಲಿ ಹೇಳಿದಷ್ಟೇ ಹಾಕಿ. ಬೋರಾನ್ ಒಂಚೂರು ಜಾಸ್ತಿಯಾದರೂ ಬೆಳೆಗೆ ವಿಷ.

ಎರಿ ಹೊಲ, ವಿಜಯಪುರ

ರೈತ ಯೂರಿಯಾ ಒಂದನ್ನೇ ಸುರಿಯುವುದು ಹುಚ್ಚಿಗಲ್ಲ. 45 ಕಿಲೋ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ. ರಂಜಕದ ಗೊಬ್ಬರ ಡಿಎಪಿ 50 ಕಿಲೋಗೆ 1,350. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಹೊರಗಿಟ್ಟರು, ಅದೊಂದು ಅಗ್ಗವಾಗಿಯೇ ಉಳಿಯಿತು. ಬೆಲೆಯಲ್ಲೇ ಇಂಥ ಓರೆ ಇಟ್ಟು, ಆಮೇಲೆ ರೈತನಿಗೆ ಮಣ್ಣಿನ ಪಾಠ ಹೇಳುತ್ತಾರೆ. ಕೊಟ್ಟಿಗೆ ಗೊಬ್ಬರಕ್ಕೂ, ಹಸಿರು ಗೊಬ್ಬರಕ್ಕೂ ಅಷ್ಟೇ ಸಬ್ಸಿಡಿ ಕೊಟ್ಟು ನೋಡಲಿ.

ಕೊರಟಗೆರೆ ಅಕ್ಕ

ತಮ್ಮಾ ಮಧುಗಿರಿ, ನಮ್ಮದೂ ನಿನ್ನಂಥದೇ ಹೊಲ. ದೂರದಿಂದ ಗೊಬ್ಬರ ತರುವ ಶಕ್ತಿ ಇಲ್ಲ ಅಂತ ನಾವು ಹೊಲದ ಒಳಗೇ ಬೆಳೆಯುವ ದಾರಿ ಹಿಡಿದೆವು.

ಬದುವಿನ ಮೇಲೆ ಸಾಲಾಗಿ ಗ್ಲಿರಿಸಿಡಿಯಾ ಕಡ್ಡಿ ನೆಟ್ಟಿದ್ದೇವೆ, ಗೊಬ್ಬರದ ಗಿಡ ಅಂತಾರಲ್ಲ ಅದು. ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಹಿಡಿಯುತ್ತದೆ. ಸೊಪ್ಪು ಕತ್ತರಿಸಿ ಬಿತ್ತನೆಗೆ ಮೊದಲು ಒಮ್ಮೆ, ಆಮೇಲೆ ಸಾಲುಗಳ ಮಧ್ಯೆ ಒಮ್ಮೆ ಹಾಕುತ್ತೇವೆ. ಬೇರು ಬದುವನ್ನೂ ಹಿಡಿಯುತ್ತದೆ. ಮುಂಗಾರು ಪೂರ್ವ ಮಳೆ ಚೆನ್ನಾಗಿ ಬಿದ್ದ ವರ್ಷ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಹಸಿರು ಗೊಬ್ಬರವಾಗಿ ಮಣ್ಣಿಗೇ ಮಗುಚಿ, ಆಮೇಲೆ ರಾಗಿ ಬಿತ್ತುತ್ತೇವೆ. ಮಳೆ ಕೈಕೊಟ್ಟ ವರ್ಷ ಇದು ಆಗುವುದಿಲ್ಲ. ಆಗ ಸೆಣಬು ಬೆಳೆಸಲು ಹೋದರೆ ರಾಗಿಗೆ ಇರಬೇಕಾದ ತೇವವೂ ಹೋಗುತ್ತದೆ.

ರಾಗಿಯಲ್ಲಿ ಅಕ್ಕಡಿ ಸಾಲು, ಅಂದರೆ ಮಧ್ಯೆ ಮಧ್ಯೆ ಬೇರೆ ಬೆಳೆಯ ಸಾಲು, ಹಾಕುವುದನ್ನು ತಪ್ಪಿಸಬೇಡಿ. ಅವರೆ, ತೊಗರಿ, ಹುಚ್ಚೆಳ್ಳು ಹಾಕಿ. ತೊಗರಿಯ ಬೇರು ಆಳಕ್ಕೆ ಹೋಗುತ್ತದೆ, ಎಲೆ ಉದುರಿ ಹೊಲಕ್ಕೇ ಬೀಳುತ್ತದೆ. ನಮ್ಮ ಅತ್ತೆ ಇದನ್ನು ಗೊಬ್ಬರದ ಲೆಕ್ಕಕ್ಕೆ ಮಾಡಿದವರಲ್ಲ, ಸಾರಿಗೆ ಕಾಳು ಬೇಕು ಅಂತ ಮಾಡಿದವರು. ಎರಡೂ ಆಯಿತು. ಹೊಲ ಖಾಲಿ ಬಿಡುವ ಬದಲು ಹಿಂಗಾರಿಗೆ ಹುರುಳಿಯಾದರೂ ಚೆಲ್ಲಿ.

ಕೆರೆ ಗೋಡು, ಅಂದರೆ ಕೆರೆಯ ಹೂಳು, ಸಿಕ್ಕರೆ ಹೊಡೆಸಿಕೊಳ್ಳಿ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಅದರಲ್ಲಿರುವ ಜೇಡಿ ಸೇರಿದರೆ ತೇವ ನಿಲ್ಲುತ್ತದೆ. ಒಮ್ಮೆ ಹಾಕಿದರೆ ಹಲವು ವರ್ಷ ಬರುತ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ಸಾಗಾಣಿಕೆಯದು, ಹಾಗಾಗಿ ಹತ್ತಿರದ ಕೆರೆಯದೇ ಆಗಬೇಕು.

ಪೀಣ್ಯ ಟು ಪಾವಗಡ

ಅಕ್ಕಾ, ಗೋಡಿನ ಬಗ್ಗೆ ಒಂದು ಎಚ್ಚರಿಕೆ. ಪಟ್ಟಣದ ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯಾದರೆ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರಬಹುದು. ಒಮ್ಮೆ ಹೊಲಕ್ಕೆ ಬಂದರೆ ತೆಗೆಯಲು ಆಗುವುದಿಲ್ಲ. ಹಳ್ಳಿಯ ಮಳೆ ನೀರಿನ ಕೆರೆಯಾದರೆ ಭಯ ಇಲ್ಲ. ಅನುಮಾನ ಇದ್ದರೆ ಪರೀಕ್ಷೆ ಆಗುವವರೆಗೆ ಕಾಯಿರಿ.

ಸಿರಸಿ ತೋಟಿಗ

ಅಕ್ಕ ಹೇಳಿದ್ದರಲ್ಲಿ ಕೂಲಿ ಎಷ್ಟು ಬಿತ್ತು ಅಂತಲೂ ಹೇಳಬೇಕಿತ್ತು. ಸೊಪ್ಪು ಕತ್ತರಿಸುವುದು ಪುಸ್ತಕದಲ್ಲಿ ಒಂದು ಸಾಲು, ಹೊಲದಲ್ಲಿ ಇಡೀ ದಿನ.

ಕೊರಟಗೆರೆ ಅಕ್ಕ

ಕೂಲಿ ಕೊಟ್ಟು ಮಾಡಿಸಿದರೆ ಗಿಟ್ಟುವುದಿಲ್ಲ ಅಣ್ಣಾ. ಮನೆಯವರೇ ಮಾಡುತ್ತೇವೆ, ಮುಯ್ಯಾಳು (ಕೂಲಿ ಬದಲು ಕೆಲಸಕ್ಕೆ ಕೆಲಸ ಅಂತ ಬರುವವರು) ಇದ್ದರೆ ಸೇರಿಸಿಕೊಳ್ಳುತ್ತೇವೆ. ಅದಕ್ಕೇ ಒಟ್ಟು ಹೊಲಕ್ಕೆ ಮಾಡಲು ಹೋಗಿಲ್ಲ. ಪ್ರತಿ ವರ್ಷ ಒಂದೊಂದು ತುಂಡು.

ಮಧುಗಿರಿ ಸೀಮೆ

ಅಕ್ಕಾ, ಬದುವಿಗೆ ಗೊಬ್ಬರದ ಗಿಡ, ರಾಗಿಗೆ ಅಕ್ಕಡಿ ಸಾಲು, ಇವೆರಡು ಈ ವರ್ಷವೇ ಮಾಡುತ್ತೇನೆ. ಕಡ್ಡಿಗೆ ನಿಮ್ಮ ಕಡೆಗೇ ಬರುತ್ತೇನೆ. ಮೇಷ್ಟ್ರೇ, ಮತ್ತೆ ಮಣ್ಣು ಯಾವಾಗ ಪರೀಕ್ಷೆ ಮಾಡಿಸಲಿ? ಈ ಸಲ ಹುಡುಗ ಬಂದು ಬದುವಿನ ಪಕ್ಕ ಒಂದೇ ಕಡೆ ಅಗೆದು ತೆಗೆದುಕೊಂಡು ಹೋದ.

ಲ್ಯಾಬ್ ಮೇಷ್ಟ್ರು

ಒಂದೇ ಕಡೆಯದಾದರೆ ಆ 0.31 ಇಡೀ ಹೊಲದ ಅಂಕಿ ಅಲ್ಲ. ಗೊಬ್ಬರ ಹಾಕುವ ಮೊದಲು ನೀವೇ ಇನ್ನೊಮ್ಮೆ ತೆಗೆದು ಕೊಡಿ. ಆಮೇಲೆ ಮೂರು ವರ್ಷ ಬಿಟ್ಟು, ಅದೇ ತಿಂಗಳಲ್ಲಿ, ಸಾಧ್ಯವಾದರೆ ಅದೇ ಲ್ಯಾಬಿಗೆ ಕೊಡಿ. ವರ್ಷ ವರ್ಷ ನೋಡಿದರೆ ಅಳತೆಯ ಏರುಪೇರೇ ಕಾಣುತ್ತದೆ, ಮಣ್ಣಿನದಲ್ಲ.

ಎಕರೆಗೆ ಹತ್ತು ಹದಿನೈದು ಜಾಗ, ಅಂಕುಡೊಂಕಾಗಿ ನಡೆಯುತ್ತಾ ಗುರುತು ಮಾಡಿ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬಿಡಿ. ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ 'ವಿ' ಆಕಾರದ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳಿ. ಎಲ್ಲ ಸೇರಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರುತ್ತದೆ. ಗೊಬ್ಬರದ ಹಳೇ ಚೀಲವೂ ಬೇಡ. ಸರ್ವೆ ನಂಬರ್ ಬರೆದ ಚೀಟಿಯನ್ನು ಒಳಗೊಂದು, ಹೊರಗೊಂದು ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ.